ಖಾಲಿ ಮನೆ ಯಾಕೆ ಗುಂಯ್ ಅನ್ನುತ್ತೆ?

ಗೃಹಪ್ರವೇಶದ ದಿನ ಗಮನಿಸಿದ್ದೀರಾ? ಪುರೋಹಿತರು ಮಂತ್ರ ಶುರು ಮಾಡಿದರೆ ಸಾಕು, ಖಾಲಿ ಮನೆಯೆಲ್ಲ ಗುಂಯ್ ಅನ್ನುತ್ತೆ. ಅಡುಗೆಮನೆಯಲ್ಲಿ ಚಮಚ ಬಿದ್ದರೆ ಬಾಗಿಲಲ್ಲಿ ನಿಂತವರು ಬೆಚ್ಚಿಬೀಳ್ತಾರೆ. ವಾರ ಕಳೆದು ಮಂಚ, ಹಾಸಿಗೆ, ಬೀರು, ಅಕ್ಕಿ ಮೂಟೆ ಎಲ್ಲ ಬಂದು ಕೂತ ಮೇಲೆ ಅದೇ ಗೋಡೆ, ಅದೇ ಸೂರು, ಮಾತು ಮಾತ್ರ ತಣ್ಣಗಾಗಿರುತ್ತೆ. ನಮ್ಮಜ್ಜಿ ಇದಕ್ಕೆ ‘ಈಗ ಮನೆ ತುಂಬಿತು’ ಅಂತಿದ್ದರು. ಎಷ್ಟು ಸರಿಯಾದ ಮಾತು, ಅಲ್ವಾ?

ಹಾರ್ವರ್ಡ್‌ನ ವಾಲೇಸ್ ಸ್ಯಾಬಿನ್ ಮೇಷ್ಟ್ರು 1895ರಲ್ಲಿ ಅಳೆಯೋಕೆ ಹೊರಟಿದ್ದೂ ಇದನ್ನೇ. ಅಲ್ಲಿನ ಫಾಗ್ ಮ್ಯೂಸಿಯಂನ ಪಾಠದ ಕೋಣೆಯಲ್ಲಿ ಆಡಿದ ಮಾತು 5.5 ಸೆಕೆಂಡು ಸುತ್ತಾಡ್ತಿತ್ತು. ಒಂದು ವಾಕ್ಯ ಮುಗಿಯೋದರೊಳಗೆ ಇನ್ನೊಂದು ಅದರ ಮೇಲೆ ಬಿದ್ದರೆ ಮಕ್ಕಳಿಗೆ ಏನು ಕೇಳಿಸಬೇಕು? ಅವರು ರಾತ್ರಿ ಹೊತ್ತು ಸ್ಯಾಂಡರ್ಸ್ ರಂಗಮಂದಿರದ ಕುರ್ಚಿ ಮೆತ್ತೆಗಳನ್ನು ಹೊರಿಸಿಕೊಂಡು ಬರೋರು. ಒಂದು ಆರ್ಗನ್ ಕೊಳವೆ ಊದಿ, ಸದ್ದು ಆರೋವರೆಗೂ ಗಡಿಯಾರ ಹಿಡಿದು ಕೂರೋರು. ಬೆಳಗಾಗೋದರೊಳಗೆ ಮೆತ್ತೆ ವಾಪಸ್! ಆ ಲೆಕ್ಕದ ಬಲದಿಂದಲೇ 1900ರಲ್ಲಿ ಬಾಸ್ಟನ್ ಸಿಂಫನಿ ಹಾಲ್ ಎದ್ದಿತು. ದಿಂಬು, ಮೆತ್ತೆ ಅಂದರೆ ಸಾಮಾನ್ಯ ಅಂದುಕೋಬೇಡಿ.

ಮಾತಿಗೆ ಮಾತು ಬಂತು, ನಮ್ಮ ವಿಜಯಪುರದ ಗೋಳಗುಮ್ಮಟ ನೆನಪಾಯ್ತು. ಶಾಲೆ ಪ್ರವಾಸದಲ್ಲಿ ಆ ಸುರುಳಿ ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಮೇಲೆ ಹೋದರೆ, ಎದುರು ಗೋಡೆ ಸುಮಾರು 38 ಮೀಟರ್ ಆಚೆ. ಗೆಳತಿ ಅಲ್ಲಿಂದ ‘ಚಕ್ಕುಲಿ ಉಳಿದಿದೆಯೇನೇ?’ ಅಂತ ಪಿಸುಗುಟ್ಟಿದ್ದು ನನ್ನ ಕಿವಿ ಪಕ್ಕದಲ್ಲೇ ಕೇಳಿಸ್ತು! ಸದ್ದು ಬಾಗಿದ ಗೋಡೆಯನ್ನೇ ಹಿಡಿದುಕೊಂಡು ಸುತ್ತಿ ಬರುತ್ತೆ, ಕಾಲುವೆಯಲ್ಲಿ ನೀರು ಬಂದ ಹಾಗೆ. 1656ರ ಕಟ್ಟಡ. ಗೋಡೆಗೂ ಕಿವಿ ಇದೆ ಅಂತಾರಲ್ಲ, ಅಲ್ಲಿ ಗೋಡೆಗೆ ಬಾಯಿಯೂ ಇದೆ.

ಸರಿ, ನಮ್ಮ ಬೀದಿಗೆ ಬರೋಣ. ಪಕ್ಕದ ಮನೆ ಟಿವಿ ಕೇಳಿಸುತ್ತೆ ಅಂತ ನಮ್ಮ ನೆಂಟರೊಬ್ಬರು ಗೋಡೆಗೆಲ್ಲ ಫೋಮ್ ಅಂಟಿಸಿದರು. ಅವರ ಕೋಣೆಯ ಗುಂಗು ಹೋಯ್ತು, ಟಿವಿ ಹೋಗಲಿಲ್ಲ. ಹೇಗೆ ಹೋಗುತ್ತೆ? ಮೆತ್ತಗಿರೋದು ಒಳಗಿನ ಸದ್ದನ್ನು ಹೀರುತ್ತೆ, ಅಷ್ಟೇ. ಆಚೆಯ ಸದ್ದು ತಡೆಯೋಕೆ ಭಾರ ಬೇಕು. ಒಂಬತ್ತು ಇಂಚಿನ ಗೋಡೆ ಮಾಡೋ ಕೆಲಸವನ್ನು ನಾಲ್ಕೂವರೆ ಇಂಚಿನದು ಮಾಡೋಲ್ಲ. ಗೋಡೆ ದಪ್ಪ ಇದ್ದೂ ಬಾಗಿಲ ಕೆಳಗೆ ಬೆರಳು ಹೋಗೋಷ್ಟು ಸಂದಿ ಬಿಟ್ಟರೆ, ಅಲ್ಲಿಂದಲೇ ಎಲ್ಲ ನುಗ್ಗುತ್ತೆ.

ಇನ್ನು ಮಹಡಿಯವರು ಬೆಳ್ಳುಳ್ಳಿ ಕುಟ್ಟೋ ಸದ್ದು. ಅದು ಗಾಳಿಯಲ್ಲಿ ಬರೋದಲ್ಲ, ಕಾಂಕ್ರೀಟಿನ ಒಳಗೇ ನಡೆದು ಬರುತ್ತೆ. ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಕುಟ್ಟಾಣಿ ಕೆಳಗೆ ಇಟ್ಟರೆ ಅರ್ಧ ಜಗಳ ಮುಗೀತು. ಮಿಕ್ಸಿಗೂ ಅಷ್ಟೇ, ಒಂದು ರಬ್ಬರ್ ಹಾಸು ಸಾಕು. ಹುಟ್ಟೋ ಜಾಗದಲ್ಲೇ ಹಿಡೀಬೇಕು ನೋಡಿ.

ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಾಸದ ಬೀದಿಯಲ್ಲಿ 45 ಡೆಸಿಬೆಲ್ ದಾಟಬಾರದು ಅಂತ 2000ದಿಂದ ಕಾನೂನೇ ಇದೆ. ಅದು ಬೀದಿಗಾಯ್ತು. ಮನೆಯೊಳಗಿನ ನಿದ್ದೆಗೆ ನಾವೇ ತಾನೇ ಕಾವಲು? ಗಾಳಿ ಕೇಳ್ತೀವಿ, ಬೆಳಕು ಕೇಳ್ತೀವಿ, ವಾಸ್ತು ಕೇಳ್ತೀವಿ. ಸದ್ದಿನ ದಾರಿ ಯಾವುದು ಅಂತ ಮೇಸ್ತ್ರಿಯನ್ನು ಒಬ್ಬರಾದರೂ ಕೇಳ್ತಾರಾ?

ಅಂದ ಹಾಗೆ, ಮೊನ್ನೆ ನೀವು ತೋರಿಸಿದ ಪ್ಲಾನಿನಲ್ಲಿ ಅಮ್ಮನ ಕೋಣೆಯ ನೆತ್ತಿಗೇ ಮಹಡಿಯ ಬಚ್ಚಲು ಬಂದಿದೆ. ತಲೆದಿಂಬಿನ ಪಕ್ಕದ ಗೋಡೆಯಲ್ಲೇ ಪೈಪು. ನಡುರಾತ್ರಿ ಯಾರಾದರೂ ನೀರು ಬಿಟ್ಟರೆ ಅವರಿಗೆ ಎಚ್ಚರ ಆಗುತ್ತೆ, ಆಮೇಲೆ ಆ ವಯಸ್ಸಿಗೆ ನಿದ್ದೆ ಎಲ್ಲಿಂದ ಬರಬೇಕು? ಇವತ್ತು ಅದು ಪೆನ್ಸಿಲ್ ಗೆರೆ, ರಬ್ಬರಿನಲ್ಲಿ ಅಳಿಸಬಹುದು. ಸಂಜೆ ಪ್ಲಾನ್ ತಗೊಂಡು ಬನ್ನಿ, ಕಾಫಿ ಕುಡೀತಾ ಆ ಬಚ್ಚಲನ್ನು ಸ್ವಲ್ಪ ಆಚೆ ಸರಿಸೋಣ.