ದೊಡ್ಡಬಸಪ್ಪನ ಭಾರ

'ಅವಂದು ಟೇಬಲ್ ಸರಿ ಮಾಡೋ ಕೆಲ್ಸ' ಎಂದು ಅಮ್ಮ ನೆಂಟರಿಗೆ ಹೇಳಿದ ದಿನದಿಂದ, ನಾನು ಬಳ್ಳಾರಿಯಲ್ಲಿ ಖಾನಾವಳಿ ಇಟ್ಟಿದ್ದೇನೆಂದು ಸಿರುಗುಪ್ಪದ ನಮ್ಮ ಓಣಿಯೆಲ್ಲ ನಂಬಿದೆ. ಒಬ್ಬರಂತೂ ಇನ್ನೂರು ಎಲೆ ಊಟಕ್ಕೆ ರೇಟು ಕೇಳಿದರು.

ನನ್ನ ಟೇಬಲ್ಲಿಗೆ ಕಾಲಿಲ್ಲ. ಅದು ಅಕ್ಯುಮುಲೋ ಎಂಬ ಡೇಟಾಬೇಸಿನದು. 2008ರಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಕಟ್ಟಲು ಶುರು ಮಾಡಿದ್ದು. ಅಕ್ಷರಕ್ರಮದಲ್ಲಿ ಬರೆದ ಉದ್ದನೆಯ ಖಾತೆಪುಸ್ತಕ ಅನ್ನಿ. ದಪ್ಪವಾದಂತೆ ತಾನೇ ತುಂಡಾಗುತ್ತದೆ. ತುಂಡಿನ ಹೆಸರು ಟ್ಯಾಬ್ಲೆಟ್, ಜ್ವರದ್ದಲ್ಲ. ಒಂದು ಟ್ಯಾಬ್ಲೆಟ್ ಒಂದು ಹೊತ್ತಿಗೆ ಒಂದೇ ಯಂತ್ರದ ಪಾಲು.

ಅಕ್ಕಿ ಗಿರಣಿಗಳ ಭತ್ತದ ಲೆಕ್ಕ ಅದಕ್ಕೆ ತುಂಬಿದೆವು. ಮೂರು ಯಂತ್ರಗಳಲ್ಲಿ ಒಂದು ಸುಗ್ಗಿಯ ಹಮಾಲನಂತೆ ಏದುಸಿರು ಬಿಡುತ್ತಿದೆ. ಉಳಿದೆರಡು ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನದ ನಿದ್ದೆಯಲ್ಲಿವೆ. 1 ಜಿಬಿ ಆಗುವ ತನಕ ಒಡೆಯದಿರುವುದು ಅಕ್ಯುಮುಲೋದ ಹುಟ್ಟುಗುಣ. ನಮ್ಮದಿನ್ನೂ 700 ಎಂಬಿ. ಆ ಮಿತಿಯನ್ನು, ಅಂದರೆ ಸ್ಪ್ಲಿಟ್ ಥ್ರೆಶೋಲ್ಡನ್ನು, 100 ಎಂಬಿಗೆ ಇಳಿಸಿದೆ. ತುಂಡುಗಳು ಬಿದ್ದವು, ಮೂರೂ ಕಡೆ ಹಂಚಿಹೋದವು. ಗೆದ್ದೆನೆಂದು ಒಗ್ಗರಣಿ-ಮಿರ್ಚಿ ತಿಂದುಬಂದೆ.

ಬಂದು ನೋಡಿದರೆ ಮತ್ತೆ ಒಂದೇ ಯಂತ್ರಕ್ಕೆ ಉಬ್ಬಸ.

ತಪ್ಪು ನನ್ನದೇ. ಸಾಲಿನ ಕೀಲಿಯಾಗಿ ರೈತರ ಹೆಸರನ್ನಷ್ಟೇ ಇಟ್ಟಿದ್ದೆ. ಇದು ಕುರುಗೋಡಿನ ದೊಡ್ಡಬಸವೇಶ್ವರನ ಸೀಮೆ. ಸಂತೆಯಲ್ಲಿ 'ದೊಡ್ಡಬಸಪ್ಪಾ' ಎಂದು ಕೂಗಿದರೆ ನಾಲ್ಕು ರುಮಾಲು ತಿರುಗುತ್ತವೆ. ಅಕ್ಯುಮುಲೋ ಎರಡು ಸಾಲುಗಳ ನಡುವೆ ಕತ್ತರಿ ಹಾಕೀತೇ ಹೊರತು ಒಂದೇ ಸಾಲನ್ನು ಸೀಳುವುದಿಲ್ಲ. ಕೀಲಿ ಒಂದೇ ಆದ್ದರಿಂದ ಅಷ್ಟೂ ದೊಡ್ಡಬಸಪ್ಪಂದಿರು ಒಂದೇ ಸಾಲಾಗಿ, ಕುರುಗೋಡಿನ ಏಕಶಿಲೆಯ ನಂದಿಯಂತೆ ಅಲ್ಲಾಡದೆ ಕೂತಿದ್ದರು. ಥ್ರೆಶೋಲ್ಡನ್ನು 10ಕ್ಕಿಳಿಸಿದರೂ ಜಪ್ಪಯ್ಯ ಅನ್ನಲಿಲ್ಲ. ಅಮೆರಿಕದ ಗೂಢಚಾರರು ನಮ್ಮ ಸೀಮೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೂವತ್ತು ವರ್ಷ ಗಿರಣಿಯ ಗುಮಾಸ್ತನಾಗಿದ್ದ ಸೋದರಮಾವನ ಮುಂದೆ ಗೋಳು ತೋಡಿಕೊಂಡೆ.

"ಅಲ್ಲಲೇ ಅಳಿಯಾ, ಬರೇ ಹೆಸ್ರು ಬರ್ಕೊಂಡ್ರೆ ಯಾರ ರೊಕ್ಕ ಯಾರಿಗೆ ಕೊಡ್ತೀ? ಊರು ಹಚ್ಚಿ ಬರೀಬೇಕಪಾ" ಎಂದು ಹಳೇ ಕಿರ್ದಿ ಬಿಚ್ಚಿದ. ಅಂಚು ಜಿಡ್ಡುಗಟ್ಟಿದ ಪುಟದಲ್ಲಿ ನೀಲಿ ಅಕ್ಷರ: 'ದೊಡ್ಡಬಸಪ್ಪ, ತೆಕ್ಕಲಕೋಟೆ'. 'ದೊಡ್ಡಬಸಪ್ಪ, ಎಮ್ಮಿಗನೂರು'. ಅದರ ಕೆಳಗೇ, 'ದೊಡ್ಡಬಸಪ್ಪ, ಎಮ್ಮಿಗನೂರು, ಬುಲೆಟ್ ಗಾಡಿ'.

ಕೀಲಿಗೆ ಊರು ಹಚ್ಚಿ ಲೆಕ್ಕವನ್ನೆಲ್ಲ ಮತ್ತೆ ತುಂಬಿದೆ. ಸಾಲುಗಳು ಬೇರೆಯಾದವು, ಹಟಮಾರಿ ಟ್ಯಾಬ್ಲೆಟ್ ಒಡೆಯಿತು, ಈಗ ಮೂರೂ ಯಂತ್ರ ಹೆಗಲು ಕೊಟ್ಟಿವೆ. ಎಮ್ಮಿಗನೂರಿನ ಇಬ್ಬರನ್ನು ಬೇರೆ ಮಾಡಲು ತಂದೆಯ ಹೆಸರು ಸೇರಿಸಿದ್ದೇನೆ. ಬುಲೆಟ್ಟನ್ನು ಬಿಟ್ಟೆ, ಮೊನ್ನೆ ಅದನ್ನು ಮಾರಿ ಟ್ರ್ಯಾಕ್ಟರ್ ತಗೊಂಡರಂತೆ.