ಅತಿಭಾರ ನೌಕಾಧಿಕರಣಂ

ಶಾಸ್ತ್ರದಲ್ಲಿ ಅಧಿಕರಣಕ್ಕೆ ಐದು ಅಂಗ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಪ್ರಸ್ತುತ ವಿಷಯ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಗೆಳೆಯರ ಗುಂಪನ್ನು ಹೇರಿಕೊಂಡು ಹೋಗುವ ದೋಣಿ. ಮಳೆಗಾಲದಲ್ಲಿ ಈ ದೋಣಿಗಳು ನಿಲ್ಲುವುದರಿಂದ ನಮ್ಮ ಸಿದ್ಧಾಂತದ ಸಿಂಧುತ್ವ ಉಳಿದ ತಿಂಗಳುಗಳಿಗೆ ಮಾತ್ರ.

ಸಂಶಯವೇನೆಂದರೆ, ದೋಣಿ ತುಂಬಿದೆಯೋ ಇಲ್ಲವೋ. ದಡದಲ್ಲಿ ನಿಂತವನಿಗೆ ಇನ್ನೂ ಜಾಗ ಕಾಣುತ್ತದೆ. ಕೂತವನಿಗೆ ಆಗಲೇ ತುಂಬಿದೆ. ದಡದವನು ಹತ್ತಿ ಕೂತ ಕ್ಷಣವೇ ಅವನ ಮತವೂ ಬದಲಾಗುತ್ತದೆ. ಆದ್ದರಿಂದ ತುಂಬಿರುವುದೆಂಬುದು ದೋಣಿಯ ಗುಣವಲ್ಲ, ಕೂತವನ ಪೃಷ್ಠಭಾಗದ ಗುಣ.

ಪೂರ್ವಪಕ್ಷಿ ಆರ್ಕಿಮಿಡೀಸ್. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಸರಿಸುತ್ತದೆ ಎನ್ನುತ್ತಾನೆ. ಇರಬಹುದು, ನೀರು ಪಾಪ, ಸರಿಯುತ್ತದೆ. "ಸ್ವಲ್ಪ ಸರೀರಿ ಮಾರ್ರೆ" ಎಂದು ಎಷ್ಟು ಗೋಗರೆದರೂ ಸರಿಯದ ಗೆಳೆಯನ ಬಗ್ಗೆ ಆತ ಚಕಾರವೆತ್ತಿಲ್ಲ. ಆರ್ಕಿಮಿಡೀಸನ ಬೆಂಬಲಕ್ಕೆ ಬರುವವನು ಫ್ರಾನ್ಸಿನ ಪಿಯರ್ ಬೂಗೇ. ಭೂಮಿಯ ಆಕಾರ ಅಳೆಯಲು ಪೆರುವಿನವರೆಗೆ ಹೋಗಿಬಂದ ಗಟ್ಟಿಗ. 1746ರಲ್ಲಿ ಹಡಗಿನ ಬಗ್ಗೆ ದೊಡ್ಡ ಗ್ರಂಥ ಬರೆದು, ಮೆಟಾಸೆಂಟರ್ ಎಂಬ ಬಿಂದುವನ್ನು ಲೋಕಕ್ಕೆ ಕೊಟ್ಟ. ಗುರುತ್ವಕೇಂದ್ರ ಆ ಬಿಂದುವಿಗಿಂತ ಕೆಳಗಿದ್ದರೆ ವಾಲಿದ ಹಡಗು ತಾನಾಗಿ ನೆಟ್ಟಗಾಗುತ್ತದೆ. ಸರಕು ಮಾತ್ರ ಇಟ್ಟಲ್ಲೇ ಇರಬೇಕು. ಯಾರೋ "ಡಾಲ್ಫಿನ್!" ಎಂದು ಕೂಗಿದ್ದೇ ತಡ, ನಮ್ಮ ಸರಕು ಮೊಬೈಲ್ ಹಿಡಿದು ಎದ್ದು ನಿಲ್ಲುತ್ತದೆ. ಜತೆಗೆ ಗುರುತ್ವಕೇಂದ್ರವೂ ಏಳುತ್ತದೆ. ಬಳಿಕ ಎರಡೂ ಎಡಕ್ಕೆ ನುಗ್ಗುತ್ತವೆ. ಅಷ್ಟರಲ್ಲಿ ಡಾಲ್ಫಿನ್ ಮುಳುಗಿ, ಬಲಗಡೆ ಕಂಡಿತೆಂಬ ವದಂತಿ ಹಬ್ಬಿರುತ್ತದೆ. ಆಗ ದೋಣಿಯವನು "ಕೂತ್ಕೊಳ್ಳಿ ಮಾರ್ರೆ!" ಎಂದು ಗದರುತ್ತಾನಲ್ಲ, ಬೂಗೇಯ ಮೇಲೆ ಅದಕ್ಕಿಂತ ಸಂಕ್ಷಿಪ್ತ ಭಾಷ್ಯ ಇಲ್ಲ.

ಇನ್ನು ಸಿದ್ಧಾಂತ. ಮಲ್ಪೆಯಲ್ಲಿ ದೋಣಿಭಾರದ ಚರ್ಚೆ ಇಂದಿನದಲ್ಲ. ಬಿರುಗಾಳಿಗೆ ಸಿಕ್ಕ ಹಡಗೊಂದನ್ನು ಮಧ್ವಾಚಾರ್ಯರು ದಡದಿಂದಲೇ ಉತ್ತರೀಯ ಬೀಸಿ ಪಾರುಮಾಡಿದರು, ಪ್ರತಿಯಾಗಿ ಕೇಳಿ ಪಡೆದ ಗೋಪೀಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣ ಸಿಕ್ಕಿದ ಎಂದು ಪ್ರತೀತಿ. ಆ ಗಡ್ಡೆ ಹಡಗಿನಲ್ಲಿದ್ದದ್ದು ತಳಭಾರಕ್ಕೆಂದು. ಈಗ ಆ ಸ್ಥಾನ, ಬೆಳಿಗ್ಗೆಯೇ ಬನ್ಸು, ಗೋಳಿಬಜೆ ಮುಗಿಸಿ ಬಂದ ಗೆಳೆಯನಿಗೆ ಸಂದಿದೆ.

ಅದೇ ಆಚಾರ್ಯರು ಬೋಧಿಸಿದ್ದು ಪಂಚಭೇದ. ದಡ ಬಿಟ್ಟು ಐದಾರು ಕಿಲೋಮೀಟರ್ ಸಾಗುವುದರೊಳಗೆ ಅದರಲ್ಲಿ ಮೂರು ಅಲುಗಾಡತೊಡಗುತ್ತವೆ. ಜೀವ-ಜೀವ ಭೇದ: ಎಷ್ಟು ಕೆರೆದರೂ ತುರಿಕೆ ನಿಲ್ಲದಿದ್ದಾಗಲೇ ಆ ಮೊಣಕಾಲು ನಮ್ಮದಲ್ಲವೆಂಬ ಜ್ಞಾನೋದಯ. ಜೀವ-ಜಡ ಭೇದ: ಬ್ಯಾಗೆಂದು ಒರಗಿದ್ದು "ಅಯ್ಯೋ" ಅನ್ನುತ್ತದೆ. ಜಡ-ಜಡ ಭೇದ: ಲೈಫ್ ಜಾಕೆಟ್‌ಗಳೆಲ್ಲ ಒಂದೇ ಕಿತ್ತಳೆ ಬಣ್ಣ, ಎಲ್ಲದರಲ್ಲೂ ಹಿಂದಿನ ಟ್ರಿಪ್ಪಿನವರ ಬೆವರು. ಮಿಕ್ಕ ಎರಡು ಭೇದಗಳು ಈಶ್ವರನಿಗೆ ಸಂಬಂಧಿಸಿದವು. ಅವನ ನೆನಪಾಗುವುದು ಎಂಜಿನ್ ಕೆಮ್ಮಿದಾಗ ಮಾತ್ರವಾದ್ದರಿಂದ ಇಲ್ಲಿ ಮುಟ್ಟಿಲ್ಲ. ಹೀಗೆ ದ್ವೈತದ ತವರಿನಲ್ಲೇ, ಟಿಕೆಟ್ ಕೊಂಡವರಿಗೆಲ್ಲ, ಅದ್ವೈತ ಸಿದ್ಧಿಸುತ್ತದೆ.

ಸಂಗತಿ ದ್ವೀಪದಲ್ಲಿದೆ. ಅಲ್ಲಿನ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದ ಲಾವಾ. ಬಿಸಿಯಿದ್ದಾಗ ಎಲ್ಲ ಒಂದೇ ಹರಿವು. ತಣಿಯುತ್ತ ಕುಗ್ಗಿ, ಬಿರುಕುಬಿಟ್ಟು, ಐದು, ಆರು, ಏಳು ಮುಖದ ಬೇರೆ ಬೇರೆ ಕಂಬಗಳಾದವು. ನಮ್ಮ ಗುಂಪೂ ತೆಂಗಿನ ನೆರಳಲ್ಲಿ ತಣಿಯಿತು, ಖರ್ಚು ಹಂಚುವ ಮಾತು ಬಂತು, ಬಿರುಕು ಕಾಣಿಸಿತು. ನಿಂತೇ ಬಂದವನೊಬ್ಬ ತನಗೆ ಅರ್ಧ ಟಿಕೆಟ್ ಸಾಕೆಂದ. ಇನ್ನೊಬ್ಬ, ತನ್ನ ತೊಡೆಯ ಮೇಲೆ ಕೂತು ಬಂದವನಿಂದ ಬಾಡಿಗೆ ಕೇಳಿದ. ಆ ತೊಡೆ ನಿನ್ನದೇ ಎಂಬುದಕ್ಕೆ ಪ್ರಮಾಣವೇನು ಎಂದು ಪ್ರತಿವಾದಿ ಗುಡುಗಿದ. ವಾದಿ ಬರ್ಮುಡಾ ಮೇಲೆತ್ತಿ ತೋರಿಸಿದ. ಪ್ರತ್ಯಕ್ಷ ಪ್ರಮಾಣ ಇನ್ನೂ ಕೆಂಪಗಿತ್ತು.