ಏಪ್ರಿಲ್ ಕುಬೇರ, ಮಾರ್ಚ್ ಕುಚೇಲ

ಏಪ್ರಿಲ್ ಕುಬೇರ ಎಂಬ ಪ್ರಭೇದದ ಯುವ ನೌಕರ ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಹೇರಳವಾಗಿ ಕಂಡುಬರುತ್ತಾನೆ. ವಯಸ್ಸು ಇಪ್ಪತ್ತೈದರ ಆಸುಪಾಸು, ವಾಸ ಪಿ.ಜಿ.ಯಲ್ಲಿ, ವರ್ಷದ ಸಂಬಳ 12 ಲಕ್ಷ. ಕೋಡಿನಲ್ಲಿ ಒಂದು ಚುಕ್ಕೆ ತಪ್ಪಿದರೂ ಹಿಡಿಯಬಲ್ಲ ಈತ ಸ್ಯಾಲರಿ ಸ್ಲಿಪ್ಪಿನಲ್ಲಿ ಕೊನೆಯ ಸಾಲು ಬಿಟ್ಟು ಬೇರೇನನ್ನೂ ಓದುವುದಿಲ್ಲ.

ಆದಾಯ ತೆರಿಗೆ ಕಾಯ್ದೆಯ ಪ್ರಕಾರ, ಕಂಪನಿಯು ನೌಕರನ ಇಡೀ ವರ್ಷದ ತೆರಿಗೆಯನ್ನು ಅಂದಾಜು ಮಾಡಿ, ತಿಂಗಳು ತಿಂಗಳೂ ಸಂಬಳದಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇದೇ ಟಿಡಿಎಸ್. ಅಂದಾಜಿಗೆ ಆಧಾರ ಏಪ್ರಿಲ್‌ನಲ್ಲಿ ನೌಕರನೇ ಕೊಡುವ ಮಾತು: ಇಷ್ಟು ಬಾಡಿಗೆ ಕಟ್ಟುತ್ತೇನೆ, ಇಷ್ಟು ಉಳಿತಾಯ ಮಾಡುತ್ತೇನೆ. ಕಂಪನಿಯ ಪೋರ್ಟಲ್ ಪಾಪದ್ದು, ಆಗ ಏನು ಹೇಳಿದರೂ ನಂಬುತ್ತದೆ. ಹಳೆಯದು, ಹೊಸದು ಎಂಬ ಎರಡು ತೆರಿಗೆ ಪದ್ಧತಿಗಳಲ್ಲಿ ‘ಹಳೇ ರೆಜೀಮೇ ಹಾಕು ಮಗಾ, ಅದ್ರಲ್ಲೇ ಉಳಿಯೋದು’ ಎಂದು ಪಕ್ಕದ ಸೀನಿಯರ್ ಹೇಳಿದ್ದು ವೇದವಾಕ್ಯ. ಉಳಿತಾಯ ಎಂಬ ಖಾನೆಗೆ ಗರಿಷ್ಠ ಮಿತಿಯಾದ 1,50,000 ಬೀಳುತ್ತದೆ. ಬಾಡಿಗೆ ತಿಂಗಳಿಗೆ 20,000 ಎಂದಾಗುತ್ತದೆ. ನಿಜವಾಗಿ ಕಟ್ಟುವುದು 9,000, ಅದರಲ್ಲಿ ಬೆಳಗಿನ ಉಪ್ಪಿಟ್ಟೂ ಸೇರಿದೆ. ಟಿಡಿಎಸ್ ಇಳಿಯುತ್ತದೆ, ಕೈಗೆ ಬರುವ ಸಂಬಳ ಏರುತ್ತದೆ, ಏರಿದ್ದಕ್ಕೆ ಸರಿಯಾಗಿ ಕಂತಿನ ಮೇಲೆ ಹೊಸ ಫೋನು ಬರುತ್ತದೆ.

ಜನವರಿಯಲ್ಲಿ ಎಚ್‌ಆರ್‌ನಿಂದ ಈಮೇಲ್ ಮೇಲೆ ಈಮೇಲ್: ನಮೂನೆ ತುಂಬಿ, ಪ್ರೂಫ್ ಲಗತ್ತಿಸಿ. ಮೊದಲನೆಯದನ್ನು ತೆರೆಯುವುದೇ ಇಲ್ಲ, ಎರಡನೆಯದಕ್ಕೆ ಸ್ಟಾರ್ ಹಾಕಿಡುತ್ತಾನೆ, ಕೊನೆಯ ದಿನ ಸಂಜೆ ಪಿ.ಜಿ. ಮಾಲೀಕರ ಮುಂದೆ ನಿಲ್ಲುತ್ತಾನೆ.

‘ಅಂಕಲ್, ರೆಂಟ್ ರಸೀದಿ ಬೇಕಿತ್ತು. ಹಂಗೇ ನಿಮ್ಮ ಪ್ಯಾನ್ ನಂಬರು…’

‘ರಸೀದಿ ಗಿಸೀದಿ ಎಲ್ಲಾ ಇಲ್ಲಪ್ಪಾ ನಮ್ಮಲ್ಲಿ. ಗೀಸರ್ ಕೆಟ್ಟಿದ್ರೆ ಹೇಳು.’

ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಕೊಡಲೇಬೇಕು. ಆ ಸಂಖ್ಯೆ ರೂಮ್‌ಮೇಟ್‌ನ ಭಾವನದಾಗುತ್ತದೆ. ರಸೀದಿಗಳು ಆ ರಾತ್ರಿಯೇ, ಒಂದೇ ನೀಲಿ ಪೆನ್ನಿನಲ್ಲಿ, ಹಾಸಿಗೆಯ ಮೇಲೆ ತಯಾರಾಗುತ್ತವೆ. ಏಪ್ರಿಲ್‌ನಲ್ಲಿ ದುಂಡಗೆ ಶುರುವಾದ ಸಹಿ ಆಗಸ್ಟ್ ಹೊತ್ತಿಗೆ ಮೊಟಕಾಗಿ, ಡಿಸೆಂಬರ್‌ನಲ್ಲಿ ಬರೀ ಗೀಟಾಗುತ್ತದೆ. ಇನ್ನೂ ಬಾರದ ಮಾರ್ಚ್ ತಿಂಗಳ ಬಾಡಿಗೆಯೂ ‘ನಗದಾಗಿ ಸಂದಾಯವಾಗಿದೆ’. 5,000 ಮೀರಿದ ನಗದು ರಸೀದಿಗೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಬೇಕೆಂಬುದು ನೆನಪಾಗುವ ಹೊತ್ತಿಗೆ ಅಂಚೆ ಕಚೇರಿ ಬಾಗಿಲು ಹಾಕಿರುತ್ತದೆ. ಸುಳ್ಳು ಲೆಕ್ಕ ಸಿಕ್ಕಿಬಿದ್ದರೆ ತಪ್ಪಿಸಿದ ತೆರಿಗೆಯ ಎರಡರಷ್ಟು ದಂಡ ಉಂಟೆಂಬುದನ್ನು ಸೀನಿಯರ್ ಹೇಳಿರುವುದಿಲ್ಲ.

ಉಳಿತಾಯದ ಕಥೆ ಚಿಕ್ಕದು. ಒಂದೂವರೆ ಲಕ್ಷದಲ್ಲಿ ನಿಜವಾಗಿ ಉಳಿದದ್ದು ಪಿಎಫ್ ಮಾತ್ರ, ಅದೂ ಈತನನ್ನು ಕೇಳದೆಯೇ ಕಡಿತವಾದ್ದರಿಂದ. ಗಾಬರಿಯಲ್ಲಿ ಊರಿನ ಎಲ್‌ಐಸಿ ಏಜೆಂಟ್ ಚಿಕ್ಕಪ್ಪನಿಗೆ ಫೋನು ಹೋಗುತ್ತದೆ. ಈ ಕರೆಗಾಗಿಯೇ ಕಾಯುತ್ತಿದ್ದ ಚಿಕ್ಕಪ್ಪ ಇಪ್ಪತ್ತು ವರ್ಷದ ಪಾಲಿಸಿಯೊಂದನ್ನು ಇಪ್ಪತ್ತೇ ನಿಮಿಷದಲ್ಲಿ ಮುಗಿಸುತ್ತಾರೆ.

ಪ್ರೂಫ್ ಸಾಲದೆ ಬಿದ್ದುಹೋದ ಪ್ರತಿ ಲಕ್ಷಕ್ಕೆ ಶೇ 20ರ ಹಂತದಲ್ಲಿರುವವನು ಸೆಸ್ ಸೇರಿ 20,800 ರೂಪಾಯಿ ಕಟ್ಟಬೇಕು. ಹತ್ತು ತಿಂಗಳು ಹಿಡಿಯದೆ ಬಿಟ್ಟದ್ದನ್ನು ಕಂಪನಿ ಉಳಿದ ಎರಡು ತಿಂಗಳಲ್ಲೇ ವಸೂಲು ಮಾಡುತ್ತದೆ. ಆಗ ಮೊದಲ ಬಾರಿಗೆ ಈತ ಸ್ಲಿಪ್ಪನ್ನು ಮೇಲಿನಿಂದ ಓದುತ್ತಾನೆ. ಕಣ್ಣಿಗೆ ಬೀಳುವುದು ವೃತ್ತಿ ತೆರಿಗೆ. ಕರ್ನಾಟಕದಲ್ಲಿ ತಿಂಗಳಿಗೆ 200 ಇರುವ ಇದು 2025ರ ತಿದ್ದುಪಡಿಯ ನಂತರ ಫೆಬ್ರುವರಿಯಲ್ಲಿ ಮಾತ್ರ 300. ಹೆಚ್ಚುವರಿ ನೂರು ರೂಪಾಯಿಗಾಗಿ ಪೇರೋಲ್ ವಿಭಾಗದೊಂದಿಗೆ ಅರ್ಧ ದಿನ ಜಗಳ ನಡೆಯುತ್ತದೆ. ಪಕ್ಕದ ಸಾಲಿನ ನಲವತ್ತು ಸಾವಿರದ ಬಗ್ಗೆ ‘ಕಂಪನಿ ಮೋಸ’ ಎಂಬ ಒಂದೇ ಮಾತು.

ಇಷ್ಟಕ್ಕೂ 2025–26ರ ಲೆಕ್ಕದಲ್ಲಿ ಹೊಸ ಪದ್ಧತಿಯವರಿಗೆ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ. ರಸೀದಿ, ಪಾಲಿಸಿ, ಭಾವನ ಪ್ಯಾನ್ ಯಾವುದೂ ಬೇಡ. ಕಂಪನಿಗೆ ಹಳೆಯದೆಂದು ಬರೆದುಕೊಟ್ಟವರೂ ಜುಲೈ 31ರೊಳಗೆ ರಿಟರ್ನ್ ಸಲ್ಲಿಸುವಾಗ ಹೊಸದಕ್ಕೆ ಬರಬಹುದು, ಹಿಡಿದ ಟಿಡಿಎಸ್ ಅಷ್ಟೂ ರಿಫಂಡ್ ಆಗಿ ವಾಪಸ್ ಬರುತ್ತದೆ.